1 ಟಿಬಿ ಪೆನ್‌ಡ್ರೈವ್ ಅಂತ ಕೊಟ್ಟಿದ್ದು 32 ಜಿಬಿ: ಲಿನಕ್ಸ್ ತೋರಿಸೋ ಅಳತೆ ನಂಬಬೇಡಿ

ಅಗ್ಗದ 1 ಟಿಬಿ ಪೆನ್‌ಡ್ರೈವ್ ಆರ್ಡರ್ ಮಾಡೋಕೆ ಹೊರಟಿದ್ದರೆ ದಯವಿಟ್ಟು ಇದನ್ನ ಓದಿ ಆಮೇಲೆ ಮಾಡಿ. ನನ್ನ ಕೈಗೆ ಬಂದಿದ್ದರಲ್ಲಿ ನಿಜವಾಗಿ ಇದ್ದಿದ್ದು 32 ಜಿಬಿ. ಡಬ್ಬದ ಮೇಲೆ ಸುಳ್ಳು ಬರೆದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಇಲ್ಲಿ ಒಳಗೆ ಕೂತು ಡ್ರೈವ್ ನಡೆಸೋ ಕಂಟ್ರೋಲರ್ ಚಿಪ್ಪಿಗೇ ಸುಳ್ಳು ಹೇಳೋದನ್ನ ಕಲಿಸಿ ಕಳಿಸಿದ್ದಾರೆ.

ಲಿನಕ್ಸ್ ಕಂಪ್ಯೂಟರಿಗೆ ಹಾಕಿದ ತಕ್ಷಣ ಡಿಮೆಸೇಜ್ (dmesg, ಲಿನಕ್ಸ್ ಬರೆದಿಡೋ ಸಂದೇಶಗಳ ಪಟ್ಟಿ) ನೋಡಿದರೆ 512 ಬೈಟಿನ 195 ಕೋಟಿ ಬ್ಲಾಕ್, ಅಂದರೆ 1 ಟಿಬಿ. ಡ್ರೈವ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟರೆ 931.5 ಜಿ. ಡ್ರೈವ್ ಭಾಗ ಮಾಡೋ ಎಫ್‌ಡಿಸ್ಕ್ (fdisk) ಹೇಳೋದೂ ಅದನ್ನೇ. 1 ಟಿಬಿ ಅನ್ನೋದು 931 ಅಂತ ಕಾಣೋದರಲ್ಲಿ ಮೋಸ ಇಲ್ಲ, ತಯಾರಕರದ್ದು 1000ದ ಲೆಕ್ಕ, ಇವುಗಳದ್ದು 1024ರ ಲೆಕ್ಕ. ಮೋಸ ಇರೋದು ಬೇರೆ ಕಡೆ. ಈ ಮೂರರಲ್ಲಿ ಯಾವುದೂ ಜಾಗ ಅಳೆಯಲ್ಲ. ಚಿಪ್ ಎಷ್ಟು ಅಂತ ಹೇಳುತ್ತೋ ಅಷ್ಟನ್ನ ತೋರಿಸುತ್ತವೆ, ಅಷ್ಟೇ.

32 ಜಿಬಿ ದಾಟಿದ ಮೇಲೆ ಬರೆದದ್ದನ್ನ ಈ ಚಿಪ್ ಸುಮ್ಮನೆ ಬಿಸಾಡುತ್ತೆ, "ಬರೆದಾಯ್ತು" ಅಂತ ಉತ್ತರವನ್ನೂ ಕೊಡುತ್ತೆ. ಹಾಗಾಗಿ ಡಿಮೆಸೇಜ್‌ನಲ್ಲಿ ಒಂದೇ ಒಂದು ಐ/ಒ ಎರರ್ (ಓದೋ-ಬರೆಯೋ ದೋಷ) ಇಲ್ಲ! ಕೆಟ್ಟ ಕೇಬಲ್ಲೋ ಸತ್ತ ಡ್ರೈವೋ ಆಗಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ಕೂಗಿಕೊಳ್ಳುತ್ತೆ, ರೀಸೆಟ್ ಸಾಲುಗಳು ಬರುತ್ತವೆ. ಇಲ್ಲಿ ಪೂರ್ತಿ ಮೌನ. ಇನ್ನು ಕೆಲವು ಚಿಪ್‌ಗಳು ಮೊದಲಿಗೇ ತಿರುಗಿ ಬಂದು ಹಳೆಯದರ ಮೇಲೆ ಬರೆಯುತ್ತವೆ, ಅಂಥದ್ದರಲ್ಲಿ ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ ಇಡೋ ಫೈಲ್ ಸಿಸ್ಟಮ್ಮೇ ಹಾಳಾಗುತ್ತೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇದು. ಕೊನೆಯ ಫೋಲ್ಡರ್ ಕಾಪಿ ಆದ ಮೇಲೆ, ಪ್ರತಿ ಮೂಲದ ಹಾಗೇ ಇದೆಯಾ ಅಂತ ಹೋಲಿಸೋಕೆ ಎಂಡಿ5ಸಮ್ (md5sum) ಹಾಕಿ ನೋಡಿದೆ, ಎಲ್ಲ ಸರಿ ಹೊಂದಿತು. ಅನ್‌ಮೌಂಟ್ ಮಾಡಿ, ಕಿತ್ತು, ಮತ್ತೆ ಹಾಕಿ ಅದೇ ಕಮಾಂಡ್ ಕೊಟ್ಟರೆ ಒಂದೂ ಹೊಂದಲಿಲ್ಲ. ಅದೇ ಫೈಲುಗಳು! ಮೊದಲ ಸಲ ಲಿನಕ್ಸ್ ಓದಿದ್ದು ಪೆನ್‌ಡ್ರೈವನ್ನಲ್ಲ, ಪೇಜ್ ಕ್ಯಾಶನ್ನ, ಅಂದರೆ ಕಾಪಿ ಮಾಡುವಾಗ ರ್‍ಯಾಮಿನಲ್ಲಿ ಉಳಿದಿದ್ದ ಪ್ರತಿಯನ್ನ. ಫೈಲಿನ ಹೆಸರಿದೆ, ಅಳತೆ ಇದೆ, ತಾರೀಖೂ ಇದೆ. ಫೈಲಿನ ಬೈಟುಗಳನ್ನ ತೋರಿಸೋ ಹೆಕ್ಸ್‌ಡಂಪ್ ಹಾಕಿದರೆ ಒಳಗೆಲ್ಲ ಸೊನ್ನೆ. ಜೆಪೆಗ್ ಫೋಟೋ ಅಂದರೆ ಎಫ್‌ಎಫ್ ಡಿ8 (FF D8) ಅನ್ನೋ ಬೈಟುಗಳಿಂದ ಶುರು ಆಗಬೇಕು. ಎಲ್ಲಿದೆ? ಸೊನ್ನೆ, ಸೊನ್ನೆ, ಬರೀ ಸೊನ್ನೆ. ಹೆಸರುಗಳ ಪಟ್ಟಿ ಡ್ರೈವಿನ ಆರಂಭದಲ್ಲಿ, ನಿಜವಾದ ಮೆಮೊರಿ ಚಿಪ್ಪಿರೋ ಜಾಗದಲ್ಲಿ ಕೂತಿದೆ, ಅದಕ್ಕೇ ಎಲ್ಲ ನೆಟ್ಟಗಿರೋ ಹಾಗೆ ಕಾಣುತ್ತೆ. ಹತ್ತಿಪ್ಪತ್ತು ಜಿಬಿ ತುಂಬಿ ಐದು ಸ್ಟಾರ್ ಕೊಡೋರಿಗೆ ಇದು ಗೊತ್ತಾಗೋದೇ ಇಲ್ಲ. ಆ ಸ್ಟಾರ್‌ಗಳನ್ನ ನೋಡಿ ನಂಬಬೇಡಿ.

ಮಾರಿದವರ ಉತ್ತರಗಳನ್ನ ಕೇಳಿ. ಮೊದಲು: "ಸರ್, ಫಾರ್ಮ್ಯಾಟ್ ಮಾಡಿ ನೋಡಿ." ಫಾರ್ಮ್ಯಾಟ್ ಮಾಡಿದರೆ ಇಲ್ಲದ ಮೆಮೊರಿ ಚಿಪ್ ಹುಟ್ಟುತ್ತಾ? ಆಮೇಲೆ: "ಲಿನಕ್ಸ್‌ಗೆ ನಮ್ಮ ಡ್ರೈವ್ ಸಪೋರ್ಟ್ ಇಲ್ಲ, ವಿಂಡೋಸಲ್ಲಿ ಹಾಕಿ." ಯುಎಸ್‌ಬಿ ಮಾಸ್ ಸ್ಟೋರೇಜ್ ಎಲ್ಲ ಕಡೆ ಒಂದೇ, ವಿಂಡೋಸೂ ಅದೇ ಚಿಪ್ಪನ್ನ ಕೇಳಿ ಅದೇ ಸುಳ್ಳು ತೋರಿಸುತ್ತೆ. ಪರೀಕ್ಷೆಯ ಫಲಿತಾಂಶ ಕಳಿಸಿದರೆ: "931 ಬರೋದು ನಾರ್ಮಲ್ ಸರ್." ನಾನು ಕೇಳಿದ್ದು 931ರ ಬಗ್ಗೆ ಅಲ್ವೇ ಅಲ್ಲ! ಕೊನೆಗೆ: "ನೀವು ಏನೋ ಕಮಾಂಡ್ ಹಾಕಿ ಹಾಳು ಮಾಡಿದೀರ, ವಾಪಸ್ ತಗೊಳಲ್ಲ." ಅಲ್ಲಿಗೆ ಮಾತು ಮುಗೀತು.

ಆದ್ದರಿಂದ ಹೊಸ ಡ್ರೈವ್ ಬಂದ ದಿನವೇ, ಒಂದು ಫೈಲನ್ನೂ ಹಾಕೋ ಮೊದಲು, ಡ್ರೈವಿನ ನಿಜವಾದ ಅಳತೆ ಪರೀಕ್ಷಿಸೋ ಎಫ್3 (f3) ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಅದರಲ್ಲಿರೋ ಎಫ್3ಪ್ರೋಬ್ (f3probe) ಓಡಿಸಿ. ಪಾರ್ಟಿಷನ್ (ಡ್ರೈವಿನ ಒಂದು ಭಾಗ) ಹೆಸರು ಬೇಡ, ಎಸ್‌ಡಿಬಿ (sdb) ಅನ್ನೋ ಹಾಗೆ ಇಡೀ ಡ್ರೈವಿನ ಹೆಸರು ಕೊಡಬೇಕು. ಎಲ್‌ಎಸ್‌ಬಿಎಲ್‌ಕೆ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ, ಡಿಸ್ಟ್ರಕ್ಟಿವ್ ಆಯ್ಕೆ ಹಾಕಿದ್ದರೆ ಅದರಲ್ಲಿರೋದೆಲ್ಲ ಹೋಗುತ್ತೆ. ಕೆಲವೇ ನಿಮಿಷದಲ್ಲಿ ನಿಜವಾದ ಅಳತೆ ಎಷ್ಟು, ಹೇಳಿಕೊಳ್ಳೋ ಅಳತೆ ಎಷ್ಟು ಅಂತ ಎರಡನ್ನೂ ಬರೆದು ಕೊಡುತ್ತೆ.

ಪೂರ್ತಿ ನಂಬಿಕೆ ಬರಬೇಕಾದರೆ ಡ್ರೈವನ್ನ ಮೌಂಟ್ ಮಾಡಿ (ಫೈಲ್ ಹಾಕೋಕೆ ತೆರೆದು) ಎಫ್3ರೈಟ್ (f3write) ಓಡಿಸಿ. ಅದು 1 ಜಿಬಿಯ ಫೈಲುಗಳಿಂದ ಡ್ರೈವ್ ತುಂಬಿಸುತ್ತೆ. ಮುಗಿದ ಮೇಲೆ ಕಿತ್ತು ಮತ್ತೆ ಹಾಕಿ, ಬರೆದದ್ದನ್ನ ಓದಿ ನೋಡೋ ಎಫ್3ರೀಡ್ (f3read) ಓಡಿಸಿ. ಕಿತ್ತು ಹಾಕೋದನ್ನ ಬಿಡಬೇಡಿ, ಕ್ಯಾಶ್ ಕಥೆ ಮೇಲೆ ಹೇಳಿದೆನಲ್ಲ. ಸೆಕೆಂಡಿಗೆ 20 ಎಂಬಿ ಬರೆಯೋ ಡ್ರೈವಿಗೆ 1 ಟಿಬಿ ತುಂಬೋಕೇ ಸುಮಾರು 14 ಗಂಟೆ ಬೇಕು, ಓದೋ ಸಮಯ ಬೇರೆ. ವಾಪಸ್ ಕೊಡೋ ಗಡುವಿನ ಕೊನೇ ದಿನಕ್ಕೆ ಇಟ್ಟುಕೊಂಡರೆ ಕೆಟ್ಟಿರಿ. ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿ ಬಳಸೋರಿಗೆ ರೈಟ್, ರೀಡ್ ಎರಡೇ, ಪ್ರೋಬ್ ಲಿನಕ್ಸ್‌ಗೆ ಮಾತ್ರ.

ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಎಲ್‌ಎಸ್‌ಯುಎಸ್‌ಬಿಗೆ ಟಿ ಆಯ್ಕೆ ಕೊಟ್ಟು (lsusb -t) ವೇಗವನ್ನೂ ನೋಡಿ. ಯುಎಸ್‌ಬಿ 3 ಅಂತ ಮಾರಿದ್ದು ಯುಎಸ್‌ಬಿ 3 ಪೋರ್ಟಿಗೆ ನೇರವಾಗಿ ಹಾಕಿದರೂ 5000ಎಂ (ಸೆಕೆಂಡಿಗೆ 5000 ಮೆಗಾಬಿಟ್) ಬದಲು 480ಎಂ ತೋರಿಸಿದರೆ ಅದೂ ಸುಳ್ಳೇ.

ಈಗಾಗಲೇ ಮೋಸ ಹೋಗಿದ್ದರೆ ಕಳೆದ ಫೈಲ್ ಹುಡುಕಿ ತೆಗೆಯೋ ಫೋಟೋರೆಕ್, ಟೆಸ್ಟ್‌ಡಿಸ್ಕ್ ಹಿಡಿದು ಒದ್ದಾಡಬೇಡಿ. 32 ಜಿಬಿ ಆಚೆಗಿನದು ಎಲ್ಲೂ ಬರೆದೇ ಇಲ್ಲ, ತೆಗೆಯೋಕೆ ಏನೂ ಇಲ್ಲ. 32 ಜಿಬಿ ಒಳಗಿನ ಭಾಗ ಬೇಕಿದ್ದರೆ ಹೊಸದಾಗಿ ಏನನ್ನೂ ಬರೆಯದೆ, ಡ್ರೈವನ್ನ ಇದ್ದ ಹಾಗೇ ನಕಲು ಮಾಡೋ ಡಿಡಿರೆಸ್ಕ್ಯೂ (ddrescue) ಇಂದ ಪ್ರತಿ ತೆಗೆದಿಡಿ. ಎಫ್3ಫಿಕ್ಸ್ ನಿಜವಾದ ಅಳತೆಗೆ ಪಾರ್ಟಿಷನ್ ಮಾಡಿಕೊಡುತ್ತೆ, ಆದರೆ ದುಡ್ಡು ವಾಪಸ್ ಬರೋವರೆಗೂ ಅದನ್ನ ಮುಟ್ಟಬೇಡಿ. ಪಾರ್ಟಿಷನ್ ಬದಲಾಗಿದ್ದು ಕಂಡರೆ "ನೀವೇ ಹಾಳು ಮಾಡಿದಿರಿ" ಅನ್ನೋಕೆ ಅವರಿಗೆ ಇನ್ನೊಂದು ನೆಪ ಸಿಗುತ್ತೆ.