ಕೆಟ್ಟ ಫ್ರಿಜ್ಜು ಈಗ ಕಾರ್ ಶೆಡ್ಡಿನ ಬೀರು: ಹಲವು ಮಳೆಗಾಲಗಳ ಬಳಕೆಯ ಅನುಭವ

ಕಂಪ್ರೆಸರ್ ಹೋದ ನಮ್ಮ ಒಂಟಿ ಬಾಗಿಲಿನ ಫ್ರಿಜ್ಜಿಗೆ ಗುಜರಿಯವರು ಹೇಳಿದ ಬೆಲೆ ತೀರ ಕಡಿಮೆಯಾಗಿತ್ತು. ಹೊಸ ಕಬ್ಬಿಣದ ಬೀರು ಕೊಳ್ಳಲು ಆ ವರ್ಷದ ಅಡಿಕೆಯ ಹಣದಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಫ್ರಿಜ್ಜಿನ ಗೂಡನ್ನೇ ಕಾರ್ ಶೆಡ್ಡಿನಲ್ಲಿ ನಿಲ್ಲಿಸಿ, ಹತಾರಗಳ ಕಪಾಟನ್ನಾಗಿ ಬಳಸುತ್ತ ಬಂದಿದ್ದೇವೆ. ಮೆಕ್ಯಾನಿಕ್ ಅನಿಲವನ್ನು ಹೊರತೆಗೆದು ಕಂಪ್ರೆಸರ್ ಬಿಚ್ಚಿಕೊಟ್ಟ ಮೇಲೆಯೇ ಅದಕ್ಕೆ ಕೈಹಾಕಿದ್ದು. ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಒಳಗಿರುವುದು ಬೆಂಕಿ ಹೊತ್ತಿಕೊಳ್ಳುವ ಐಸೊಬ್ಯೂಟೇನ್. ಅಂಥ ಕೊಳವೆಯನ್ನು ಮನೆಯಲ್ಲಿ ಕತ್ತರಿಸುವುದು ಸಲ್ಲದು.

ಬೇಸಿಗೆಯುದ್ದಕ್ಕೂ ಅದು ಕೊಟ್ಟ ಸಂತೋಷ ದೊಡ್ಡದು. ಮೊಟ್ಟೆ ಇಡುವ ತಟ್ಟೆಯ ಒಂದೊಂದು ಕುಳಿಗೂ ಒಂದೊಂದು ಅಳತೆಯ ನಟ್ಟು: 10ರದ್ದು ಮೊದಲು, 13ರದ್ದು ಅದರ ಪಕ್ಕ, ವಾಷರುಗಳು ಕೊನೆಯಲ್ಲಿ. ಬಾಟಲಿ ಸಾಲಿನಲ್ಲಿ ಗ್ರೀಸಿನ ಡಬ್ಬಿ, ಫೆವಿಕಾಲ್, ಉಪ್ಪುಕಾಗದದ ಸುರುಳಿಗಳು. ತರಕಾರಿ ಟ್ರೇಯಲ್ಲಿ ಸ್ಪ್ರೇಯರಿನ ನಾಝಲ್ಲು, ಪೈಪು, ಹಗ್ಗ. ಸಂಜೆ ತೋಟದಿಂದ ಬಂದು, ಜೇಬಿನಲ್ಲಿ ಉಳಿದ ಬೋಲ್ಟುಗಳನ್ನು ಅವುಗಳ ಕುಳಿಗೆ ಹಾಕಿ ಬಾಗಿಲು ಮುಚ್ಚಿದಾಗಲೇ ನನಗೆ ಆ ದಿನದ ಕೆಲಸ ಮುಗಿದಂತೆ. ಇಲಿಯಾಗಲಿ ಗೆದ್ದಲಾಗಲಿ ಒಳಗೆ ಸುಳಿಯಲಿಲ್ಲ.

ಆದರೆ ಇದು ಮಲೆನಾಡು. ಆಷಾಢದ ಮಳೆ ಹಿಡಿದುಕೊಂಡ ಮೇಲೆ ಅದೇ ಬಿಗಿ ಬಾಗಿಲು ಶತ್ರುವಾಯಿತು. ತೆರೆದಾಗಲೆಲ್ಲ ಒಳಹೊಕ್ಕ ತೇವದ ಗಾಳಿ, ಒದ್ದೆ ಹಿಡಿಗಳಿಂದ ಆವಿಯಾದ ನೀರು, ಎರಡನ್ನೂ ಬಾಗಿಲಿನ ಸುತ್ತಲಿನ ಕಾಂತದ ರಬ್ಬರು ಹೊರಗೆ ಬಿಡದೆ ಕೂಡಿಹಾಕಿತು. ಉಳಿಯ ಬಾಯಿಗೆ ತುಕ್ಕು, ಗರಗಸದ ಹಿಡಿಗೆ ಬೂಷ್ಟು. ತೆರೆದ ಗೋಡೆಯ ಮೊಳೆಗೆ ಎಣ್ಣೆ ಸವರಿ ನೇತುಹಾಕಿದ್ದ ಹಳೆಯ ಕತ್ತಿ ಮಾತ್ರ ಚೆನ್ನಾಗಿಯೇ ಇತ್ತು. ಹತಾರವನ್ನು ಕಾಯಲೆಂದು ಇಟ್ಟ ಪೆಟ್ಟಿಗೆಯೇ ಅದನ್ನು ಕೆಡಿಸುವುದು ನನಗೆ ಸಹಿಸಲಾಗದ ದೋಷ.

ಆದ್ದರಿಂದ ರಬ್ಬರನ್ನು ಪೂರ್ತಿ ಕಿತ್ತು, ಇಲಿ ನುಗ್ಗದಂತೆ ಆ ಸಂದಿಗೆ ಸಣ್ಣ ಕಣ್ಣಿನ ಜಾಲರಿಯ ಪಟ್ಟಿಯನ್ನು ಕೂರಿಸಿದೆವು. ಗಾಳಿಯ ತೂತುಗಳನ್ನು ಬಾಗಿಲಿಗೆ ಮಾತ್ರ ಕೊರೆದೆವು, ಏಕೆಂದರೆ ಹಲವು ಫ್ರಿಜ್ಜುಗಳ ಪಕ್ಕದ ಗೋಡೆಗಳೊಳಗೆ ಕೊಳವೆಗಳು ಹಾದುಹೋಗಿರುತ್ತವೆ. ಬಾಗಿಲು ನಿಲ್ಲಲು ಬೀರುವಿನ ಸಣ್ಣ ಮ್ಯಾಗ್ನೆಟ್ ಕ್ಯಾಚ್ ಸಾಕು. ಬಯಲುಸೀಮೆಯವರಿಗೆ ತೇವದ ಕಾಟ ಇಷ್ಟಿರಲಾರದು, ಆದರೂ ರಬ್ಬರನ್ನು ಅವರೂ ತೆಗೆಯಲೇಬೇಕು, ಬೀಗವನ್ನೂ ಕಳಚಬೇಕು. ಕಣ್ಣಾಮುಚ್ಚಾಲೆಯಾಡುವ ಮಗು ಒಳಗೆ ಸೇರಿಕೊಂಡರೆ ಉಸಿರುಕಟ್ಟುವ ಅಪಾಯ ನಿಜವಾದದ್ದು. ಇಂಥ ಸಾವುಗಳಿಂದಾಗಿಯೇ ಅಮೆರಿಕವು 1956ರಲ್ಲಿ, ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಕಾನೂನು ಮಾಡಿತು.

ಈಗ ತುಕ್ಕು ಬಹಳಷ್ಟು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹರಿತವಾದ ಹತಾರಗಳು ಮಳೆಗಾಲದಲ್ಲಿ ಗೋಡೆಗೇ ಹೋಗುತ್ತವೆ. ನಟ್ಟು, ಪೈಪು, ಉಪ್ಪುಕಾಗದಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಖರ್ಚಿಲ್ಲದೆ ಸಿಗದು. ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಇದರಲ್ಲಿ ಇಡಬೇಡಿ, ತೇವ ತಗುಲಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ಥಿನ್ನರು, ಪೆಟ್ರೋಲುಗಳ ಆವಿ ಒಳಗೆ ತುಂಬಿಕೊಳ್ಳುವುದರಿಂದ ಅವುಗಳಿಗೂ ಬೇರೆ ಜಾಗ ನೋಡಿ.