ಎಂಜಿನ್ ಚಿತ್ರದ ಹಳದಿ ದೀಪ ಮತ್ತು ಒಂದು ಪುಟ್ಟ ರೀಡರ್

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಾಗ ಕಾರಣವನ್ನು ಮನೆಯಂಗಳದಲ್ಲೇ ತಿಳಿಯಬೇಕೆನ್ನುವವರು ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ಮೊಬೈಲಿಗೆ ತಿಳಿಸುವ ಬ್ಲೂಟೂತ್ ಓಬಿಡಿ ರೀಡರ್ ಒಂದನ್ನು ಖಂಡಿತ ಕೊಳ್ಳಬಹುದು. ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕಾಪುವಿನಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಹಳೆಯ ಪೆಟ್ರೋಲ್ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವ ನಾನು ಇದನ್ನು ಬಿಟ್ಟು ಹೊರಡುವುದಿಲ್ಲ.

ರೀಡರ್ ಬೆಂಕಿಪೊಟ್ಟಣದಷ್ಟಿದೆ. ಸ್ಟೀರಿಂಗ್‌ನ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನುಗಳ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ, ಕೀ ತಿರುಗಿಸಿ, ಮೊಬೈಲ್ ಆ್ಯಪ್ ತೆರೆದರೆ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಕಾಣಿಸುತ್ತದೆ. ಅಮೆರಿಕದಲ್ಲಿ ಈ ವ್ಯವಸ್ಥೆ 1996ರಿಂದ ಕಡ್ಡಾಯ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಕಾರುಗಳಲ್ಲಿ ಇದ್ದೇ ಇದೆ, ಅದಕ್ಕಿಂತ ಹಿಂದಿನ ಬಿಎಸ್4 ಕಾರುಗಳಲ್ಲೂ ಸಾಮಾನ್ಯವಾಗಿ ಇರುತ್ತದೆ.

ಇದರ ಉಪಯೋಗ ನನಗೆ ಗೊತ್ತಾದದ್ದು ಕಳೆದ ಜುಲೈ ಮಳೆಯಲ್ಲಿ. ಪಡುಬಿದ್ರಿ ದಾಟಿ ಮೂಲ್ಕಿಯತ್ತ ಹೋಗುವಾಗ ಎಂಜಿನ್ ಎಳೆಯಲಾರದೆ ನಡುಗತೊಡಗಿತು, ಹಳದಿ ದೀಪ ಮಿನುಗಿತು. ಮಿನುಗುವುದಕ್ಕೂ ಸ್ಥಿರವಾಗಿ ಉರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಸ್ಥಿರವಾಗಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಸೈಲೆನ್ಸರಿನ ಕಡೆಗೆ ಹೋಗುತ್ತಿದೆ ಎಂದರ್ಥ. ಅದು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಸುಟ್ಟುಹಾಕಬಲ್ಲದು, ಆ ಭಾಗವೋ ಬಹಳ ದುಬಾರಿ. ಆಕ್ಸಿಲರೇಟರ್ ಸಡಿಲಿಸಿ ಬದಿಗೆ ನಿಲ್ಲಿಸಿದೆ.

ರೀಡರ್ ತೋರಿಸಿದ್ದು ಪಿ0302. ‘ಪಿ’ ಅಂದರೆ ಎಂಜಿನ್, ಗೇರ್ ಭಾಗ. 03 ಅಂದರೆ ಕಿಡಿ ಹೊತ್ತುವುದರಲ್ಲಿ ತೊಂದರೆ. ಕೊನೆಯ 2 ಎರಡನೆಯ ಸಿಲಿಂಡರ್. ಇಷ್ಟು ಸ್ಪಷ್ಟವಾಗಿದ್ದರೂ ನಾನು ಮೊದಲು ವಿಚಾರಿಸಿದ ಸರ್ವಿಸ್ ಸೆಂಟರಿನಲ್ಲಿ ಎಲ್ಲ ಪ್ಲಗ್, ಎಲ್ಲ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ಜೊತೆಗೆ ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕೆಂದು ಪಟ್ಟಿ ಕೊಟ್ಟರು. ಕಾರು ಮೂಲ್ಕಿಯ ಸಣ್ಣ ಗ್ಯಾರೇಜೊಂದಕ್ಕೆ ಹೋಯಿತು. ಅಲ್ಲಿಯ ಮೆಕ್ಯಾನಿಕ್ ಮೊಬೈಲ್ ನೋಡಿ, “ಕೋಡ್ ಬರೆದಿಟ್ಟುಕೊಳ್ಳಿ ಮೇಡಂ, ಸದ್ಯಕ್ಕೆ ಅಳಿಸಬೇಡಿ. ಮೊದಲು ಕಾಯಿಲ್ ಅದಲುಬದಲು ಮಾಡಿ ನೋಡುವ” ಎಂದರು. ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಮೂರನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ. ಆಮೇಲೆ ಹಳೆಯ ಕೋಡ್ ತೆಗೆದು ಎಂಜಿನ್ ಓಡಿಸಿದಾಗ ಬಂದದ್ದು ಪಿ0303! ತೊಂದರೆ ಕಾಯಿಲ್‌ನ ಜೊತೆಗೇ ಸ್ಥಳ ಬದಲಿಸಿತ್ತು. ಕೆಟ್ಟಿದ್ದು ಆ ಒಂದೇ ಕಾಯಿಲ್. ಹೊಸದು ಹಾಕಿಸಿದೆ, ನಡುಕ ನಿಂತಿತು. ಇಷ್ಟು ಶಾಂತವಾಗಿ, ಕಾರಣ ಕೊಟ್ಟು ಕೆಲಸ ಮಾಡುವವರು ನಮ್ಮ ಊರುಗಳಲ್ಲಿ ಇದ್ದಾರೆ ಎಂಬುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ.

ರೀಡರ್ ದೂರು ಎಲ್ಲಿಂದ ಬಂತು ಎಂದಷ್ಟೇ ಹೇಳುತ್ತದೆ. ಯಾವ ಭಾಗ ಕೊಳ್ಳಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಪಿ0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಅದಕ್ಕೆ ಸೀಳಿದ ಒಂದು ರಬ್ಬರ್ ಪೈಪೂ ಕಾರಣವಾಗಬಹುದು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಸೇರಿ ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕೂರುತ್ತದೆ. ಸೆನ್ಸರ್ ಬದಲಾಯಿಸುವ ಮೊದಲು ಕನೆಕ್ಟರ್ ಬಿಚ್ಚಿ ಶುಚಿಗೊಳಿಸಿ ನೋಡಿ ಎಂದು ಕೇಳಲು ಸಂಕೋಚ ಬೇಡ.

ಕೆಂಪು ದೀಪಗಳ ವಿಷಯದಲ್ಲಿ ಈ ಸಾಧನದ ಮೇಲೆ ಸ್ವಲ್ಪವೂ ಅವಲಂಬಿಸಬಾರದು. ಎಣ್ಣೆ ಕ್ಯಾನಿನ ಕೆಂಪು ದೀಪ ಓಡುವಾಗ ಹೊತ್ತಿದರೆ ಆಯಿಲ್ ಒತ್ತಡ ಬಿದ್ದಿದೆ. ಸುರಕ್ಷಿತವಾಗಿ ಬದಿಗೆ ಬಂದು ತಕ್ಷಣ ಎಂಜಿನ್ ಆರಿಸಬೇಕು, ಆ್ಯಪ್ ತೆರೆಯುತ್ತಾ ಕೂರುವ ಹೊತ್ತಲ್ಲ. ಥರ್ಮಾಮೀಟರ್ ಚಿತ್ರ ಕೆಂಪಾದರೂ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಬ್ರೇಕ್ ದೀಪ ಆರದಿದ್ದರೆ ಬ್ರೇಕ್ ದ್ರವ ಕಡಿಮೆಯಾಗಿರಬಹುದು, ಅಂಥ ಕಾರಿನಲ್ಲಿ ಆಗುಂಬೆ ಘಾಟಿ ಇಳಿಯುವ ಮಾತೇ ಬೇಡ. ಎಬಿಎಸ್, ಏರ್‌ಬ್ಯಾಗ್ ಕೋಡುಗಳನ್ನು ಅಗ್ಗದ ರೀಡರುಗಳು ಸಾಮಾನ್ಯವಾಗಿ ಓದುವುದೂ ಇಲ್ಲ.

ಬ್ಯಾಟರಿ ದೀಪಕ್ಕೆ ಮಾತ್ರ ಇದರಿಂದ ಸಹಾಯವಿದೆ. ಎಂಜಿನ್ ಓಡುವಾಗ ಆ್ಯಪ್ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. 12ರ ಆಸುಪಾಸಿಗೆ ಇಳಿದು ದೀಪವೂ ಉರಿಯುತ್ತಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಅದರ ಬೆಲ್ಟ್ ಪರೀಕ್ಷಿಸಿ.

ಕೊಳ್ಳುವಾಗ ಒಂದು ಎಚ್ಚರ: ಐಫೋನ್ ಇರುವವರು ‘ಬ್ಲೂಟೂತ್ ಲೋ ಎನರ್ಜಿ’ ಅಥವಾ ವೈಫೈ ಮಾದರಿಯನ್ನೇ ಆರಿಸಬೇಕು, ಹಳೆಯ ಬ್ಲೂಟೂತ್ ಮಾದರಿಗಳು ಅದಕ್ಕೆ ಕೂಡುವುದಿಲ್ಲ. ಕೆಲಸ ಮುಗಿದ ಮೇಲೆ ರೀಡರನ್ನು ಕಿತ್ತಿಡಿ. ಆ ಸಾಕೆಟ್ಟಿಗೆ ಕೀ ತೆಗೆದರೂ ವಿದ್ಯುತ್ ಹರಿಯುತ್ತಿರುತ್ತದೆ. ಊರು ಬಿಟ್ಟು ಕೆಲವು ದಿನ ಹೋದವರಿಗೆ ಬ್ಯಾಟರಿ ಇಳಿದುಹೋದ ಕಾರು ಕಾಯುತ್ತಿರಬಹುದು.