ಫೈರ್‌ಬಾಲ್ ಹಿಡಿಯೋಕೆ ಆಲ್‌ಸ್ಕೈನಾ, ಆರ್‌ಎಂಎಸ್ಸಾ, ಡಿಎಸ್‌ಎಲ್‌ಆರಾ?

ಫೈರ್‌ಬಾಲ್ ಅಂದ್ರೆ ತುಂಬಾ ಪ್ರಖರವಾಗಿ ಹೊಳೆಯೋ ಉಲ್ಕೆ. ಅದರ ಫೋಟೋ ಬೇಕಾ, ಇಲ್ಲಾ ಬಿದ್ದ ಕಲ್ಲು ಬೇಕಾ, ಮೊದಲು ಅದನ್ನ ತೀರ್ಮಾನ ಮಾಡ್ಕೊಳ್ಳಿ, ಯಾಕಂದ್ರೆ ಎರಡಕ್ಕೂ ಬೇಕಾಗೋ ಕ್ಯಾಮೆರಾನೇ ಬೇರೆ. ನಾನು ಮೂರು ಥರದ್ದನ್ನ ಟೆರೇಸ್ ಮೇಲೆ ಇಟ್ಟು ಓಡಿಸಿ ನೋಡಿದೀನಿ: ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಫಿಶ್‌ಐ (ತುಂಬಾ ಅಗಲಕ್ಕೆ ಕಾಣೋ ಲೆನ್ಸ್) ಕ್ಯಾಮೆರಾ ಸೇರಿಸಿದ ಆಲ್‌ಸ್ಕೈ, ಉಲ್ಕೆ ಹಿಡಿಯೋ ಕ್ಯಾಮೆರಾಗಳ ಜಾಲವಾದ ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್‌ನವರ ಆರ್‌ಎಂಎಸ್ ಸಾಫ್ಟ್‌ವೇರ್ ಓಡೋ ವಿಡಿಯೋ ಕ್ಯಾಮೆರಾ, ಆಮೇಲೆ ಫಿಶ್‌ಐ ಹಾಕಿದ ಡಿಎಸ್‌ಎಲ್‌ಆರ್.

ನೋಡೋಕೆ ಚೆಂದ ಅಂದ್ರೆ ಆಲ್‌ಸ್ಕೈನೇ. ಇಡೀ ಆಕಾಶ ಒಂದೇ ಫ್ರೇಮಲ್ಲಿ, ಬೆಳಗ್ಗೆ ಎದ್ದರೆ ಟೈಮ್‌ಲ್ಯಾಪ್ಸು, ಸ್ಟಾರ್ ಟ್ರೇಲು ಎಲ್ಲಾ ರೆಡಿ. ಆದ್ರೆ 30 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟಿರ್ತೀವಲ್ಲ, ಫೈರ್‌ಬಾಲ್ ಬಂದ್ರೆ ಅದರಲ್ಲಿ ಸಿಗೋದು ಬರೀ ಒಂದು ಬಿಳಿ ಗೆರೆ, ಎಷ್ಟೋ ಸಲ ಯಾವ ಕಡೆಯಿಂದ ಯಾವ ಕಡೆಗೆ ಹೋಯ್ತು ಅನ್ನೋದೂ ಗೊತ್ತಾಗಲ್ಲ, ಸ್ಪೀಡಂತೂ ಕೇಳ್ಲೇಬೇಡಿ. ಸ್ಪೀಡ್ ಇಲ್ದೆ ಅದು ಗಾಳಿಗೆ ಸಿಕ್ಕಿ ಎಷ್ಟು ನಿಧಾನ ಆಯ್ತು ಗೊತ್ತಾಗಲ್ಲ, ಅದು ಗೊತ್ತಾಗ್ದೆ ಕೊನೇಲಿ ಎಷ್ಟು ತೂಕದ ಕಲ್ಲು ಉಳಿದಿರಬಹುದು ಅಂತ ಲೆಕ್ಕ ಹಾಕೋಕಾಗಲ್ಲ. ಕ್ಯಾಮೆರಾ ಮುಚ್ಚಿರೋ ಪಾರದರ್ಶಕ ಡೋಮ್ ಮೇಲೆ ಇಬ್ಬನಿ ಕೂತ್ಕೊಳ್ಳುತ್ತೆ, ಹೀಟರ್ ಬೇಕೇ ಬೇಕು.

ಆರ್‌ಎಂಎಸ್ ನೋಡೋಕೆ ಬೋರು, ಕೆಲಸದಲ್ಲಿ ಗಟ್ಟಿ. ಮಾಮೂಲಿ ಸಿಸಿಟಿವಿಗೆ ಬರೋ ಸೋನಿ ಸೆನ್ಸರ್, 3.6 ಎಂಎಂ ಲೆನ್ಸ್ ಹಾಕಿದ್ರೆ ಅಡ್ಡಕ್ಕೆ ಸುಮಾರು 90 ಡಿಗ್ರಿ ಆಕಾಶ ಅಷ್ಟೇ. ಸೆಕೆಂಡಿಗೆ 25 ಫ್ರೇಮು, ಅದರಲ್ಲಿ 256 ಫ್ರೇಮ್ ಸೇರಿಸಿ, ಅಂದ್ರೆ ಹತ್ತು ಸೆಕೆಂಡ್ ಚಿಲ್ಲರೆ, ಒಂದೇ ಫೈಲ್ ಮಾಡುತ್ತೆ. ಆ ಫೈಲಲ್ಲಿ ಪ್ರತಿ ಪಿಕ್ಸೆಲ್‌ಗೂ ಅತಿ ಹೆಚ್ಚು ಬೆಳಕು ಎಷ್ಟಿತ್ತು, ಅದು ಎಷ್ಟನೇ ಫ್ರೇಮಲ್ಲಿ ಬಂತು ಎರಡೂ ಇರುತ್ತೆ, ಹಂಗಾಗಿ ಚಿತ್ರ ಒಂದೇ ಆದ್ರೂ ಟೈಮ್ ಒಳಗೇ ಅಡಗಿರುತ್ತೆ, ನಂಗಂತೂ ಈ ಐಡಿಯಾ ಭಾರಿ ಇಷ್ಟ. ನಕ್ಷತ್ರ ನೋಡಿ ತಾನೇ ಕ್ಯಾಲಿಬ್ರೇಟ್ ಮಾಡ್ಕೊಳ್ಳುತ್ತೆ, ಒಂದು ಪಿಕ್ಸೆಲ್ ಅಂದ್ರೆ 4 ಆರ್ಕ್‌ಮಿನಿಟ್ (ಒಂದು ಡಿಗ್ರಿಯಲ್ಲಿ 60 ಆರ್ಕ್‌ಮಿನಿಟ್) ಆಸುಪಾಸು, 100 ಕಿಮೀ ದೂರದಲ್ಲಿ ಅದು ಹತ್ತಿರ ಹತ್ತಿರ 120 ಮೀಟರ್. ತೊಂದರೆ ಏನಂದ್ರೆ ನಿಜವಾಗ್ಲೂ ದೊಡ್ಡ ಫೈರ್‌ಬಾಲ್ ಬಂದಾಗ ಸೆನ್ಸರ್ ಸ್ಯಾಚುರೇಟ್ ಆಗಿ ಬಿಳಿ ಮುದ್ದೆ ಕಾಣುತ್ತೆ, ನಡುಭಾಗ ಎಲ್ಲಿ ಅಂತ ಕೈಯಲ್ಲಿ ಫ್ರೇಮ್ ಫ್ರೇಮ್ ಗುರುತು ಹಾಕ್ಬೇಕು.

ಡಿಎಸ್‌ಎಲ್‌ಆರ್ ರೆಸಲ್ಯೂಷನ್‌ನಲ್ಲಿ ರಾಜ. ಆಸ್ಟ್ರೇಲಿಯಾದ ಡೆಸರ್ಟ್ ಫೈರ್‌ಬಾಲ್ ನೆಟ್‌ವರ್ಕ್‌ನವರು ಇದನ್ನೇ ಬಳಸೋದು, ಆದ್ರೆ ಅವರು ಲೆನ್ಸ್ ಜೊತೆ ಕರೆಂಟಿಂದ ಬೆಳಕನ್ನ ತಡೆದು ಬಿಡೋ ಒಂದು ಲಿಕ್ವಿಡ್ ಕ್ರಿಸ್ಟಲ್ ಶಟರ್ ಇಟ್ಟು ಗೆರೆಯನ್ನ ಗೊತ್ತಿರೋ ಕೋಡ್ ಪ್ರಕಾರ ತುಂಡು ತುಂಡು ಮಾಡ್ತಾರೆ, ತುಂಡು ಓದಿದ್ರೆ ಟೈಮ್ ಸಿಗುತ್ತೆ. ಆ ಶಟರ್ ಇಲ್ದಿದ್ರೆ ಇದೂ ದುಬಾರಿ ಆಲ್‌ಸ್ಕೈ ಅಷ್ಟೇ, ಮೇಲಿಂದ ರಾತ್ರಿಯಿಡೀ ಕ್ಲಿಕ್ ಮಾಡಿ ಮಾಡಿ ಮೆಕ್ಯಾನಿಕಲ್ ಶಟರ್ ಸವೀತದೆ.

ನನ್ನ ಓಟು ಆರ್‌ಎಂಎಸ್‌ಗೆ, ಆದ್ರೆ ಒಂಟಿಯಾಗಿ ಇಟ್ರೆ ಯಾವ ಕ್ಯಾಮೆರಾದಿಂದಲೂ ಕಲ್ಲು ಸಿಗಲ್ಲ, ಯಾಕಂದ್ರೆ ಒಂದೇ ಜಾಗದಿಂದ ನೋಡಿದ್ರೆ ದಿಕ್ಕು ಗೊತ್ತಾಗುತ್ತೆ, ದೂರ ಗೊತ್ತಾಗಲ್ಲ. 1959ರಲ್ಲಿ ಚೆಕೊಸ್ಲೊವಾಕಿಯಾದ ಪ್ರ್ಶಿಬ್ರಾಮ್ ಹತ್ರ ಬಿದ್ದ ಕಲ್ಲು ಮೊದಲು ಸೂರ್ಯನ ಸುತ್ತ ಸುತ್ತುತ್ತಿದ್ದ ಕಕ್ಷೆ ಲೆಕ್ಕ ಹಾಕೋಕಾಗಿದ್ದು ಒಂದಕ್ಕಿಂತ ಹೆಚ್ಚು ಜಾಗದಿಂದ ತೆಗೆದ ಫೋಟೋ ಇದ್ದಿದ್ದಕ್ಕೇ, 2021ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ವಿಂಚ್‌ಕಂಬ್‌ನಲ್ಲಿ ಕಲ್ಲು ಬಿದ್ದಾಗಲೂ ಹಲವು ನೆಟ್‌ವರ್ಕ್‌ಗಳ ಕ್ಯಾಮೆರಾ ಸೇರಿಸಿಯೇ ಲೆಕ್ಕ ಹಾಕಿದ್ದು, ಮನೆ ಬಾಗಿಲಿನ ಡೋರ್‌ಬೆಲ್ ಕ್ಯಾಮೆರಾಗಳಲ್ಲೂ ಆ ಫೈರ್‌ಬಾಲ್ ಸೆರೆಯಾಗಿತ್ತು. ಅದಾದ ಮೇಲೂ ಡಾರ್ಕ್ ಫ್ಲೈಟ್ ಅಂತ ಇದೆ, ಸುಮಾರು ಸೆಕೆಂಡಿಗೆ 3 ಕಿಮೀಗಿಂತ ಸ್ಪೀಡ್ ಕಮ್ಮಿಯಾದ್ರೆ ಬೆಳಕು ಆರಿಹೋಗುತ್ತೆ, ಅಲ್ಲಿಂದ ಕೆಳಕ್ಕೆ ಕಲ್ಲನ್ನ ಗಾಳಿ ಎಲ್ಲಿಗೆ ತಳ್ತೋ ಅಲ್ಲಿಗೆ, ಹುಡುಕೋ ಜಾಗ ಕಿಲೋಮೀಟರ್‌ಗಟ್ಟಲೆ ಉದ್ದ ಆಗ್ಬಹುದು.

ಹಂಗಾಗಿ ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಿಸ್ಬೇಕು ಅಂತ ನೂರು ಕಿಮೀ ಆಸುಪಾಸಿನ ಇನ್ನೊಂದು ಸ್ಟೇಷನ್‌ನವರನ್ನ ಕೇಳಿಯೇ ಫಿಕ್ಸ್ ಮಾಡಿ, ಇಬ್ಬರ ಫ್ರೇಮೂ 20ರಿಂದ 80 ಕಿಮೀ ಎತ್ತರದಲ್ಲಿ ಸೇರಬೇಕು, ಎರಡೂ ಕಡೆ ಗಡಿಯಾರ ಇಂಟರ್ನೆಟ್ ಟೈಮ್‌ಗೆ ಸಿಂಕ್ ಆಗಿರ್ಬೇಕು. ಕಲ್ಲು ಸಿಕ್ಕಿದ್ರೆ ಮ್ಯಾಗ್ನೆಟ್ ಮಾತ್ರ ತಾಗಿಸ್ಬೇಡಿ, ಅದರೊಳಗಿನ ಹಳೇ ಕಾಂತೀಯ ಗುರುತು ಅಳಿಸಿಹೋಗುತ್ತೆ.